ಇಪ್ಪತ್ತೈದು ಮನೆಯ ಪದಬಂಧ

ಹೋದ ಮೇ ತಿಂಗಳಲ್ಲಿ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯ್ತು. ಕಲಬುರಗಿ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಹತ್ತಕ್ಕೇ ಆಸ್ಪತ್ರೆಯ ಕಬ್ಬಿಣದ ಬೆಂಚು ಕಾದುಬಿಟ್ಟಿತ್ತು. ಅವ್ವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಉಳಿದವರು ನಾನು, ಅಪ್ಪ, ಅಪ್ಪನ ಚೀಲದಲ್ಲಿದ್ದ ಪದಬಂಧಗಳು.

ಅಪ್ಪ ಮೊದಲು ದೊಡ್ಡದನ್ನೇ ತೆಗೆದರು. ಉದ್ದಕ್ಕೆ 15, ಅಡ್ಡಕ್ಕೆ 15, ಒಟ್ಟು 225 ಮನೆ. ಬೇರೆ ದಿನವಾಗಿದ್ದರೆ ಅದನ್ನು ಹಿಡಿದು ಇಡೀ ಮಧ್ಯಾಹ್ನ ಕೂರುವವರು. ಅವತ್ತು ಒಂದು ಪದ ತುಂಬುವುದು, ಬಾಗಿಲ ಕಡೆ ನೋಡುವುದು, ತಿರುಗಿ ಬಂದರೆ ಯಾವ ಮೂಲೆಯಲ್ಲಿದ್ದೆವು ಅನ್ನೋದೇ ನೆನಪಿಲ್ಲ. ಮಡಚಿಟ್ಟರು.

ಆಮೇಲೆ ಚಿಕ್ಕದು, ಐದಕ್ಕೆ ಐದು. ನ್ಯೂಯಾರ್ಕ್ ಟೈಮ್ಸ್‌ನವರು 2014ರಲ್ಲಿ ಶುರು ಮಾಡಿದ ಮಿನಿ ಕೂಡ ಹೆಚ್ಚುಕಮ್ಮಿ ಇಷ್ಟೇ, ನಾನು ಫೋನಿನಲ್ಲಿ ಆಡುತ್ತೇನೆ. ಆದರೆ ಕನ್ನಡದ್ದು ಬೇರೆಯೇ ಆಟ, ಒಂದೊಂದು ಮನೆಗೂ ಒತ್ತು, ಗುಣಿತ ಸಮೇತ ಇಡೀ ಅಕ್ಷರ ಕೂರಬೇಕು.

'ಬೇಳೆ ಮಾಡುವ ಕಾಳು', ಮೂರಕ್ಷರ. ನಾನು 'ಕಡಲೆ' ಅಂತ ಬರೆದೆ. ಅದರ ಕೊನೆಯ ಮನೆಗೆ ಮೇಲಿನಿಂದ ಇಳಿದು ಬರುವ ಸುಳಿವು 'ದರ್ಜಿಯ ಕೈಯಲ್ಲಿರುವುದು'. ಕತ್ತರಿ ಬಿಟ್ಟು ಇನ್ನೇನು? ಆದರೆ ಕೆಳಗೆ 'ಲೆ' ಕೂತಿದೆ, 'ರಿ' ಬೇಕು. ಅಪ್ಪ ನಕ್ಕರು. "ತೊಗರಿ ನಾಡಿನಾಗ ಕುಂತು ಕಡ್ಲಿ ಬರಿಲಾಕತ್ತಿಯಲ್ಲವ್ವಾ!" ರಬ್ಬರಿನಿಂದ ಮೂರೇ ಅಕ್ಷರ ಅಳಿಸಿದೆ, 'ತೊಗರಿ' ಬಂತು, 'ಕತ್ತರಿ' ಕೂತಿತು.

ನನಗೆ ಚಿಕ್ಕ ಪದಬಂಧ ಇಷ್ಟವಾಗುವುದು ಇದಕ್ಕೇ. ಸುಲಭ ಅಂತಲ್ಲ, ಎಷ್ಟೋ ಸಲ ಅದರ ಸುಳಿವೂ ತಲೆ ತಿನ್ನುತ್ತದೆ. ಆದರೆ ತಪ್ಪು ಪಕ್ಕದ ಮನೆಯಲ್ಲೇ ಸಿಕ್ಕಿಬೀಳುತ್ತದೆ. ದೊಡ್ಡದರಲ್ಲಿ ಆ 'ಕಡಲೆ' ಅರ್ಧ ಗಂಟೆ ಸುಮ್ನೆ ಕೂತು, ಸುತ್ತಲಿನ ನಾಲ್ಕು ಪದ ಕೆಡಿಸಿರುತ್ತಿತ್ತು. ಇನ್ನೊಂದು, ಶುರು ಮಾಡುವಾಗಲೇ ಕೊನೆಯ ಮನೆ ಕಣ್ಣಿಗೆ ಕಾಣುತ್ತದೆ, ಬಾಗಿಲ ಕಡೆ ಹತ್ತು ಸಲ ನೋಡಿ ಬಂದರೂ ಅದು ಅಲ್ಲೇ ಇರುತ್ತದೆ. ಮನಸ್ಸು ನಿಲ್ಲದ ದಿನ ಅಷ್ಟು ಸಾಕು, ಅಲ್ವಾ?

ಎರಡು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದೆವು, ನರ್ಸ್ ಕರೆದರು. ಅಪ್ಪ ಪೆನ್ಸಿಲನ್ನು ಹಾಳೆಯೊಳಗೇ ಮಡಚಿ ಜೇಬಿಗೆ ಹಾಕಿಕೊಂಡರು.

ಆಟೋದಲ್ಲಿ ಅವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನ ಹೆಗಲಿಗೆ ಒರಗಿದ್ದಳು. ಅಪ್ಪ ಹಾಳೆ ತೆಗೆದು ಉಳಿದಿದ್ದ ಸುಳಿವು ಓದಿದರು, "ಹೊಲಕ್ಕೆ ಒಯ್ಯುವ ಊಟ, ಎರಡಕ್ಷರ."

"ಬುತ್ತಿ," ಅಂದಳು ಅವ್ವ. "ನೀವಿಬ್ರೂ ಏನರೆ ತಿಂದ್ರಿಲ್ಲೊ?"