ಬೆಲ್ಲ ಕೊನೆಗೂ ಬುಡದ ತನಕ ಒಣಗಿದಳು

ನಿನ್ನೆ ಸಂಜೆ ಐದೂ ಹತ್ತಕ್ಕೆ, ಸ್ನಾನ ಮಾಡಿಸಿದ್ದ ಬೆಲ್ಲ ಅನ್ನುವ ನಾಯಿಯ ಕಿವಿ ಹಿಂದಿನ ಕೂದಲು ಬಿಡಿಸಿ, ಬುಡಕ್ಕೆ ಟಿಶ್ಯೂ ಒತ್ತಿ ಹಿಡಿದೆ. ಹತ್ತು ಎಣಿಸಿ ತೆಗೆದೆ. ಒಣ! ಕಂಕುಳು, ಹೊಟ್ಟೆ ಕೆಳಗೆ, ಬಾಲದ ಬುಡ, ಹಿಂಗಾಲಿನ ಜೊಂಪೆ, ಎಲ್ಲ ಕಡೆ ಒಣ. ಹೊರಗೆ ಆಶ್ಲೇಷ ಮಳೆ ಹಿಡಿದು ಬಾರಿಸುತ್ತಿತ್ತು. ಐದು ವಾರದಿಂದ ಕಾದಿದ್ದೆ ಇದಕ್ಕೆ. ಅವಳ ಕುತ್ತಿಗೆ ತಬ್ಬಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ.

ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಒಣಗಿಸಿ ಬಾಚುವುದು ನನ್ನ ಕೆಲಸ. ತೊಟ್ಟಿ, ಟೇಬಲ್, ಗೀಸರ್, ಬೋರ್ಡು ಹಾಕಿದ ಕಥೆ ಎಲ್ಲ ಬೇಡ. ಬಿ.ಕಾಂ. ಮುಗಿಸಿ ಚಿಕ್ಕಮಗಳೂರಿನಲ್ಲೇ ಈ ಕೆಲಸಕ್ಕೆ ಒಂದು ಕೋಣೆ ಬಾಡಿಗೆ ಹಿಡಿದೆ. ಹತ್ತಡಿಗೆ ಎಂಟಡಿ, ಒಂಬತ್ತಡಿ ಎತ್ತರ. ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಜುಲೈ ಬಂತು ನೋಡಿ, ಶುರುವಾಯಿತು.

ಬೆಲ್ಲ ನಾಲ್ಕು ವರ್ಷದ ಗೋಲ್ಡನ್ ರಿಟ್ರೀವರ್. ಪಕ್ಕದ ಬಡಾವಣೆಯ ಒಬ್ಬ ಆಂಟಿ ಸಾಕಿದ್ದಾರೆ. ಸ್ನಾನ ಮಾಡಿಸಿ, ಒಂದು ಗಂಟೆ ಇಪ್ಪತ್ತು ನಿಮಿಷ ಬ್ಲೋವರ್ (ಬಿಸಿಗಾಳಿ ಊದುವ ಯಂತ್ರ) ಹಿಡಿದು, ಬಾಚಿ ಕಳಿಸಿದೆ. ಮೇಲೆಲ್ಲ ರೇಷ್ಮೆ ಥರ ಇತ್ತು. ಮೂರನೇ ದಿನ ಆಂಟಿ ಫೋನ್ ಮಾಡಿದರು. "ಏನಮ್ಮಾ, ಸ್ನಾನ ಮಾಡಿಸೋಕ್ಕಿಂತ ಮೊದಲೇ ಚೆನ್ನಾಗಿತ್ತಲ್ಲ, ಈಗ ಒದ್ದೆ ಗೋಣಿಚೀಲದ ವಾಸನೆ ಹೊಡೀತಿದೆ." ಓಡಿ ಹೋಗಿ ನೋಡಿದೆ. ವಾಸನೆ ನಿಜ. ಕಿವಿ ಹಿಂದೆ ಎಂಟಾಣೆ ಅಗಲ ಕೆಂಪಗೆ ಕಿತ್ತು ಬಂದಿತ್ತು, ಕೂದಲು ಅಂಟಂಟು. ಹಾಟ್ ಸ್ಪಾಟ್, ಅಂದರೆ ತೇವ ನಿಂತು ಚರ್ಮ ಕೆರಳಿ ಆಗುವ ಹುಣ್ಣು. ಡಾಕ್ಟರ್ ಸುತ್ತ ಕೂದಲು ಬೋಳಿಸಿ ಔಷಧಿ ಕೊಟ್ಟರು. ಒಳಗಿನ ಮೆತ್ತನೆ ಕೂದಲಲ್ಲಿ ನೀರು ಉಳಿದಿದೆ ಅಂದರು. ನನ್ನ ಕೈಯಿಂದ ಒಂದು ನಾಯಿಗೆ ನೋವಾಯಿತು ಅನ್ನುವುದು ಅವತ್ತು ರಾತ್ರಿ ನಿದ್ದೆ ಕೊಡಲಿಲ್ಲ. ದುಡ್ಡು ವಾಪಸ್ ಕೊಟ್ಟೆ. ಆಂಟಿ ತಗೊಳ್ಳಲಿಲ್ಲ. "ಮುಂದಿನ ಸಲ ಸರಿ ಮಾಡು" ಅಂದರು, ಅಷ್ಟೇ.

ಮೊದಲು ಅನುಮಾನ ಬಂದಿದ್ದು ಕರೆಂಟಿನ ಮೇಲೆ. ಮಳೆಗಾಲದ ಸಂಜೆ ನಮ್ಮ ಬೀದಿಯಲ್ಲಿ 188 ವೋಲ್ಟ್ ಬಂದರೆ ಹೆಚ್ಚು. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಇಳಿಯುತ್ತದೆ ಅಲ್ವಾ, ಹಾಗಾಗಿ 230 ಇರಬೇಕಾದಲ್ಲಿ 188 ಬಂದರೆ ಸಿಗುವುದು ಮೂರರಲ್ಲಿ ಎರಡು ಪಾಲು ಬಿಸಿ ಮಾತ್ರ. ಸ್ಟೆಬಿಲೈಸರ್ ತರೋಣ ಅಂತ ಹೋದೆ. ನನ್ನ ಬ್ಲೋವರ್ 2400 ವ್ಯಾಟ್ ಅಂತ ಎರಡೆರಡು ಸಲ ಹೇಳಿದರೂ ಅಂಗಡಿಯವರು 2 ಕೆವಿಎ (ಹೆಚ್ಚೆಂದರೆ 2000 ವ್ಯಾಟ್ ತಡೆಯುವುದು) ಸಾಕು ಅಂತ ಕಟ್ಟಿಕೊಟ್ಟರು. ಹಾಕಿದ ಐದು ನಿಮಿಷಕ್ಕೆ ಟ್ರಿಪ್. ಬದಲಾಯಿಸಿ 4 ಕೆವಿಎ ತರಲು ಮೂರು ಸಲ ಅಲೆದಾಟ. ಬ್ಲೋವರ್ ಮಾರಿದವರದ್ದು ಇನ್ನೊಂದು ಗೋಳು. ಡಬ್ಬಿಯ ಮೇಲೆ ಮೂರು ನಳಿಕೆಯ ಚಿತ್ರ ಇದೆ, ಒಳಗೆ ಇದ್ದದ್ದು ಎರಡು. ಚಪ್ಪಟೆ ನಳಿಕೆ ಇವತ್ತಿಗೂ "ನಾಳೆ ಕಳಿಸ್ತೀವಿ ಮೇಡಂ". ಅಷ್ಟೆಲ್ಲ ಮಾಡಿದ ಮೇಲೆ ಗಾಳಿ ಚೆನ್ನಾಗಿ ಬಿಸಿಯಾಯಿತು. ಬೆಲ್ಲ ಮಾತ್ರ ಒಣಗಲಿಲ್ಲ.

ಆಮೇಲೆ ತೂಕ ಹಾಕಲು ಶುರು ಮಾಡಿದೆ. ಸ್ನಾನಕ್ಕೆ ಮೊದಲು 29.4 ಕೆಜಿ. ಎರಡು ಟವೆಲ್ ಹಿಂಡಿ ಒರೆಸಿದ ಮೇಲೆ 30.3. ಅಂದರೆ ಒರೆಸಿದ ಮೇಲೂ ಮೈಯಲ್ಲಿ 900 ಗ್ರಾಂ ನೀರು! ಆ ತೇವಾಂಶ ತೋರಿಸುವ ಪುಟ್ಟ ಮೀಟರ್ ಇರುತ್ತದಲ್ಲ, 450 ರೂಪಾಯಿಯದು, ಅದನ್ನೂ ಗೋಡೆಗೆ ನೇತುಹಾಕಿದೆ. ಬಾಗಿಲು ಹಾಕಿ ಬ್ಲೋವರ್ ಹಚ್ಚಿದಾಗ ಶೇ. 82. ಹದಿನೈದು ನಿಮಿಷಕ್ಕೆ ಶೇ. 95. ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ನೋಡಿದೆ, ಬರೆದುಕೊಂಡೆ, ಆದರೂ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಭಾನುವಾರ, ಮೂಡಿಗೆರೆ ಕಡೆ ಚಿಕ್ಕಪ್ಪನ ತೋಟಕ್ಕೆ ಹೋದಾಗ. ಈ ಸಲದ ಮೊದಲ ಏಲಕ್ಕಿ ಕುಯ್ಲು ಆಗಿತ್ತು. ಒಣಗಿಸುವ ಕೋಣೆಗೆ ಬೆಂಕಿ ಹಾಕಿದ್ದರು. ಒಳಗೆ ಅಷ್ಟು ಬಿಸಿ ಇದ್ದರೂ ಚಿಕ್ಕಪ್ಪ ಏಣಿ ಹತ್ತಿ ಮೇಲಿನ ಕಿಂಡಿ ತೆಗೆದರು. ಬಿಸಿ ಎಲ್ಲ ಆಚೆ ಹೋಗಲ್ವಾ ಅಂತ ಕೇಳಿದೆ. "ಹೋಗ್ಲಿ ಪುಟ್ಟಿ, ಮೊದ್ಲು ಹಬೆ ಹೋಗ್ಬೇಕು. ಹಬೆ ಒಳಗೇ ಇದ್ರೆ ಕಾಯಿ ಬೇಯುತ್ತೆ, ಒಣಗಲ್ಲ."

ಬೇಯುತ್ತೆ, ಒಣಗಲ್ಲ. ನಾನು ಬೆಲ್ಲಳನ್ನು ಐದು ವಾರದಿಂದ ಬೇಯಿಸುತ್ತಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಕೋಣೆಯಲ್ಲಿ ಹಿಡಿಸುವುದು ಸುಮಾರು 20 ಘನ ಮೀಟರ್ ಗಾಳಿ. 24 ಡಿಗ್ರಿಯಲ್ಲಿ ಅಷ್ಟು ಗಾಳಿ ಹೆಚ್ಚೆಂದರೆ 435 ಗ್ರಾಂ ನೀರು ಹೊರಬಲ್ಲದು. ಮಳೆಗಾಲದಲ್ಲಿ ಅದರ ಮುಕ್ಕಾಲಿಗಿಂತ ಜಾಸ್ತಿ ಮೊದಲೇ ತುಂಬಿರುತ್ತದೆ. ಬ್ಲೋವರ್ ಹೊಡೆತಕ್ಕೆ ಒಂದಷ್ಟು ನೀರು ಹನಿಯಾಗಿ ಗೋಡೆಗೆ ಹಾರುತ್ತದೆ, ಸರಿ. ಬುಡದಲ್ಲಿ ಉಳಿದದ್ದು ಹಬೆಯಾಗಿ ಹೋಗಬೇಕಲ್ಲ, ಎಲ್ಲಿಗೆ ಹೋಗಬೇಕು? ಮಳೆಯ ತೇವ ಒಳಗೆ ಬರಬಾರದು ಅಂತ ನಾನು ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದೆ. ನಿಜ ಏನೆಂದರೆ ಹೊರಗಿನ ಗಾಳಿಯೇ ವಾಸಿ. 21 ಡಿಗ್ರಿಯ ಮಳೆಗಾಳಿ ಪೂರ್ತಿ ತೇವ ತುಂಬಿಕೊಂಡಿದ್ದರೂ ಘನ ಮೀಟರಿಗೆ 18 ಗ್ರಾಂ. ಅದನ್ನೇ 40 ಡಿಗ್ರಿಗೆ ಬಿಸಿ ಮಾಡಿದರೆ 51 ಗ್ರಾಂ ತನಕ ಹೊರುವ ಶಕ್ತಿ ಬರುತ್ತದೆ. ಹೊರಗಿನ ತಣ್ಣನೆ ಗಾಳಿ ಎಳೆದು, ಬಿಸಿ ಮಾಡಿ, ನಾಯಿಯ ಮೈಮೇಲೆ ಒಂದೇ ಸಲ ಹಾಯಿಸಿ, ಆಚೆ ಹಾಕಬೇಕು. ಅಷ್ಟೇ ಕೆಲಸ.

ಸೋಮವಾರ ಗಾರೆಯವರನ್ನು ಕರೆಸಿ ಒಂದು ಗೋಡೆಯ ಮೇಲ್ತುದಿಗೆ ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಎದುರು ಗೋಡೆಯ ಬುಡದಲ್ಲಿ ಜಾಲರಿ ಹಾಕಿದ ಕಿಂಡಿ. ಬ್ಲೋವರಿನ ಗಾಳಿ ಎಳೆಯುವ ಬಾಯಿ ಆ ಕಿಂಡಿಯ ಪಕ್ಕಕ್ಕೇ ಬರುವ ಹಾಗೆ ಇಟ್ಟೆ. ಇನ್ನೊಂದು ಬದಲಾವಣೆ, ಇದಕ್ಕೂ ಅಷ್ಟೇ ಮಾರ್ಕು ಕೊಡಬೇಕು: ಉದುರುವ ಒಳಗೂದಲನ್ನು ಸ್ನಾನಕ್ಕೆ ಮೊದಲೇ ಬಾಚಿ ತೆಗೆದೆ. ಹಿಂದೆ ಒಣಗಿದ ಮೇಲೆ ಬಾಚುತ್ತಿದ್ದೆ. ಒಂದು ಪ್ಲಾಸ್ಟಿಕ್ ಕವರ್ ತುಂಬ ಬಂತು. ಅಷ್ಟೂ ಸ್ಪಂಜಿನ ಹಾಗೆ ನೀರು ಕುಡಿದು ಕೂರುತ್ತಿದ್ದ ಕೂದಲು.

ನಿನ್ನೆ ಮೀಟರ್ ಶೇ. 70 ದಾಟಲಿಲ್ಲ. ಐವತ್ತು ನಿಮಿಷಕ್ಕೆ ಪೂರ್ತಿ ಒಣಗಿದಳು. ಶಾಖ ನೋಡಿಕೊಳ್ಳಲು ನನ್ನ ಎಡಗೈ ಅವಳ ಚರ್ಮದ ಮೇಲೇ ಇತ್ತು. ಕೈಗೆ ಚುರುಕು ಅನ್ನಿಸಿದರೆ ಅವಳಿಗೂ ಅನ್ನಿಸುತ್ತದೆ. ಅರ್ಧಕ್ಕೆ ಬರುವಾಗ ಟೇಬಲ್ ಮೇಲೇ ನಿದ್ದೆ ಹೋಗಿದ್ದಳು, ಗದ್ದ ನನ್ನ ಮಣಿಕಟ್ಟಿನ ಮೇಲಿಟ್ಟು. ಸಲ ಸಲವೂ ಏದುಸಿರು ಬಿಡುತ್ತಿದ್ದ ನಾಯಿ ಇದು.

ಈ ಕಿಂಡಿಯ ಲೆಕ್ಕ ಸಿಕ್ಕಿದ ಮೇಲೆ ತಲೆ ಪೂರ್ತಿ ಮನೆ ಬಾಗಿಲಿಗೇ ಹೋಗಿ ನಾಯಿಗೆ ಸ್ನಾನ ಮಾಡಿಸುವ ವ್ಯಾನಿನ ಕಡೆ ಓಡುತ್ತಿದೆ. ಹಳೇ ಓಮ್ನಿ ಒಂದು ನೋಡಿದ್ದೇನೆ. 200 ಲೀಟರ್ ಟ್ಯಾಂಕು, ಹಿಂದೆ ಮಡಚುವ ಟೇಬಲ್, ಚಾವಣಿಯಲ್ಲಿ ಫ್ಯಾನ್. ಬಾಳೆಹೊನ್ನೂರು, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ಎಷ್ಟು ನಾಯಿಗಳಿವೆ, ಊರ ತನಕ ಕರೆತರುವವರು ಯಾರು? ಅಲ್ಲಿ ಮಳೆಗಾಲಕ್ಕೆ ಇಂಬಳ (ಜಿಗಣೆ), ಮಳೆ ಬಿಟ್ಟರೆ ಉಣುಗು (ರಕ್ತ ಹೀರುವ ಉಣ್ಣೆ ಹುಳು). ಉಣುಗನ್ನು ಹಗುರವಾಗಿ ತಗೊಳ್ಳಬೇಡಿ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದಲೇ. ತೋಟದ ನಾಯಿ ಕಾಡಂಚಿನಲ್ಲಿ ಓಡಾಡಿ ಏನೇನು ಹೊತ್ತು ತರುತ್ತದೋ. ಕೈಗವಸು, ಚಿಮಟ, ಕಿತ್ತದ್ದನ್ನು ಹಾಕಲು ಮುಚ್ಚಳದ ಬಾಟಲಿಯಲ್ಲಿ ಸ್ಪಿರಿಟ್. ಬೆರಳಲ್ಲಿ ಹಿಸುಕುವುದಂತೂ ಬೇಡವೇ ಬೇಡ.

ಅದು ಡಿಸೆಂಬರ್ ಹೊತ್ತಿಗೆ. ಸದ್ಯಕ್ಕೆ ಶನಿವಾರ ಆಲ್ದೂರಿನಿಂದ ಒಂದು ಸೇಂಟ್ ಬರ್ನಾರ್ಡ್ ಬರುತ್ತಿದೆ, 62 ಕೆಜಿ ಅಂತೆ. ಬೆಲ್ಲಳ ಮೈಯಲ್ಲಿ 900 ಗ್ರಾಂ ಉಳಿದರೆ ಇವನದ್ದು ಎರಡು ಲೀಟರಾದರೂ ಇರುತ್ತದೆ. ಮೀಟರ್ ಮತ್ತು ತಕ್ಕಡಿ ಎರಡನ್ನೂ ಒರೆಸಿ ಇಟ್ಟಿದ್ದೇನೆ. ಇವತ್ತು ಟೇಬಲಿನ ಕಾಲುಗಳ ಬೋಲ್ಟ್ ಬಿಗಿ ಮಾಡಬೇಕು.