ಕೃಷ್ಣೆಯ ಹಿನ್ನೀರಲ್ಲಿ ಹಾಯಿದೋಣಿ: ನಾರಾಯಣಪುರದಿಂದ ಕೂಡಲಸಂಗಮದ ತಯಾರಿ

ಹೋದ ಸಲ ಬರೆದಾಗ ದೋಣಿಗೆ ಬಣ್ಣ ಒಣಗುತ್ತಿತ್ತು. ಈಗ ದೋಣಿ ನೀರು ಕಂಡಿದೆ. ನಾವೂ ಒಂದೆರಡು ಪಾಠ ಕಲಿತಿದ್ದೇವೆ. ಈ ಸಲ ಬರೆಯುತ್ತಿರುವುದು ಪೂರ್ತಿ ಪ್ರಯಾಣದ ಯೋಜನೆ ಬಗ್ಗೆ. ಯಾಕಂದ್ರೆ ಆ ಯೋಜನೆ ಜೂನ್‌ನಲ್ಲಿ ಇದ್ದ ಹಾಗೆ ಈಗ ಇಲ್ಲ, ತಲೆಕೆಳಗಾಗಿದೆ.

ಹೊಸದಾಗಿ ಓದುವವರಿಗೆ ದೋಣಿಯ ಬಗ್ಗೆ ಎರಡು ಮಾತು. ಇದು ಮಿರರ್ ಅನ್ನುವ ಹಳೆಯ ವಿನ್ಯಾಸ. 1962ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಮನೆಯಲ್ಲೇ ಕಟ್ಟಿಕೊಳ್ಳಲಿ ಅಂತ ಮಾಡಿದ್ದು. ಉದ್ದ ಹನ್ನೊಂದು ಅಡಿಗೆ ಸ್ವಲ್ಪ ಕಡಿಮೆ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗ್ಲಾಸ್‌ಫೈಬರ್ ಟೇಪ್ ಮತ್ತು ರೆಸಿನ್ ಅಂಟು ಹಾಕುವ ಪದ್ಧತಿ. ನಾನು ಹಾಯಿ ಹಿಡಿಯುವುದು ಕಲಿತದ್ದು ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಕೆಲಸಕ್ಕೆ ಅಲ್ಲಿದ್ದಾಗ. ಈಗ ಸುರಪುರದಲ್ಲಿದ್ದೇನೆ. ಬೋನಾಳ ಕೆರೆ ಹತ್ತಿರವೇ ಇದೆ, ಆದರೆ ಅದು ಹಕ್ಕಿಗಳ ಜಾಗ, ಅಲ್ಲಿ ದೋಣಿ ಇಳಿಸುವ ಮಾತೇ ಇಲ್ಲ. ಹಾಗಾಗಿ ಬಸವಸಾಗರ, ಅಂದ್ರೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು.

ಜೂನ್‌ನ ಯೋಜನೆ, ಅದನ್ನು ಬಿಟ್ಟದ್ದು

ಅಣೆಕಟ್ಟು ಪೂರ್ವಕ್ಕೆ, ಕೂಡಲಸಂಗಮ ಪಶ್ಚಿಮಕ್ಕೆ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 30 ಕಿಲೋಮೀಟರ್. ನದಿಯ ತಿರುವು ಸೇರಿಸಿ ನಾನು 40 ಅಂತ ಇಟ್ಟುಕೊಂಡಿದ್ದೇನೆ.

ಮೊದಲ ಯೋಚನೆ ಹೀಗಿತ್ತು. ಆಷಾಢದಲ್ಲಿ ನಮ್ಮ ಕಡೆ ಪಡುವಣ ಗಾಳಿ ಜೋರು. ಗಾಳಿ ಬಂದಾಗ ತೂರಿಕೋ ಅಂತಾರಲ್ವಾ, ಹಾಗೆ ಆ ಗಾಳಿಯಲ್ಲೇ ಹೋಗೋಣ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಕಷ್ಟದ ಕೆಲಸ ಮೊದಲು ಮುಗಿದರೆ ಮನೆ ದಾರಿ ಸುಲಭ. ಪುಸ್ತಕದ ಲೆಕ್ಕದಲ್ಲಿ ಇದು ಸರಿಯೇ.

ನಮ್ಮ ನೀರಿಗೆ ಅದು ಸರಿಯಲ್ಲ. ಮಳೆಗಾಲದಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು ಇಲ್ಲಿಗೇ ಬರುತ್ತದೆ, ಇಲ್ಲಿಂದ ಗೇಟ್ ಎತ್ತಿ ಕೆಳಗೆ ಬಿಡುತ್ತಾರೆ. ಆಗ ನೀರಿನ ಸೆಳೆತ ಅಣೆಕಟ್ಟಿನ ಕಡೆಗೆ, ಪಡುವಣ ಗಾಳಿಯ ನೂಕು ಕೂಡ ಅದೇ ಕಡೆಗೆ. ಚುಕ್ಕಾಣಿ ಮುರಿದರೆ, ಹಾಯಿ ಹರಿದರೆ, ದೋಣಿ ತಾನಾಗಿ ಎಲ್ಲಿಗೆ ಹೋಗುತ್ತದೆ? ಈ ಒಂದು ಪ್ರಶ್ನೆ ಕೇಳಿಕೊಂಡ ದಿನವೇ ಜೂನ್‌ನ ಆ ಯೋಜನೆ ಬಿಟ್ಟೆ. ಈಗ ಯಾವ ಪ್ರಯಾಣಕ್ಕೂ ನಾನು ಮೊದಲು ಕೇಳುವುದು ಇದನ್ನೇ: ನಮ್ಮ ಕೈಯಲ್ಲಿ ಏನೂ ಉಳಿಯದಿದ್ದರೆ ಗಾಳಿ ನಮ್ಮನ್ನು ಎಲ್ಲಿ ಬಿಡುತ್ತದೆ?

ನವೆಂಬರ್‌ನಲ್ಲಿ ಉತ್ತರ ಬೇರೆ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಅದು ದೋಣಿಯನ್ನು ಅಣೆಕಟ್ಟಿನಿಂದ ದೂರ ತಳ್ಳುತ್ತದೆ, ಸಂಗಮದ ಕಡೆಗೆ. ಗಾಳಿ ಮೆತ್ತಗೆ, ಗೇಟ್ ಸಾಮಾನ್ಯವಾಗಿ ಮುಚ್ಚಿರುತ್ತವೆ, ನೀರೂ ತುಂಬಿರುತ್ತದೆ.

ಅಕ್ಟೋಬರ್ ಕೊನೆ: ಪರೀಕ್ಷೆಯ ಓಟ

ಅಣೆಕಟ್ಟಿನಿಂದ ದೂರ, ಮೀನುಗಾರರು ಹರಿಗೋಲು ಕಟ್ಟುವ ದಡದಿಂದ ಇಳಿದೆವು. ನಾನು, ನನ್ನ ತಮ್ಮ. ಅಲ್ಲಿನ ಹಿರಿಯ ಮೀನುಗಾರರೊಬ್ಬರನ್ನು ನಾವು ಕಾಕಾ ಅಂತೀವಿ. ಹೊರಡುವಾಗ ಅವರು ಒಂದು ಮಾತು ಹೇಳಿದರು: "ತಮ್ಮಾ, ಸಂಜಿಗಿ ಗಾಳಿ ಬೀಳತದ. ಹೊತ್ತಿದ್ದಾಗ ದಂಡಿಗಿ ಬರ್ರಿ."

ಬೆಳಿಗ್ಗೆ 10:30ಕ್ಕೆ ಹೊರಟೆವು. ಬೆನ್ನಗಾಳಿ, ಒಂಬತ್ತು ಕಿಲೋಮೀಟರ್ ಎರಡು ತಾಸಿನೊಳಗೆ ಮುಗಿಯಿತು. ಊಟ ಮಾಡಿ ಎರಡು ಗಂಟೆಗೆ ತಿರುಗಿದೆವು. ಅಲ್ಲಿಂದ ಬೇರೆಯೇ ಕಥೆ.

ಎದುರುಗಾಳಿಗೆ ದೋಣಿ ನೇರ ಹೋಗುವುದಿಲ್ಲ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನ ಹಾಗೆ ಹೋಗಬೇಕು. ಲೆಕ್ಕ ಹಾಕಿದರೆ ಹತ್ತು ಕಿಲೋಮೀಟರ್ ದಾರಿ ಹದಿನಾಲ್ಕಾಗುತ್ತದೆ. ಚಿಕ್ಕ ದೋಣಿ ಅಲೆಗೆ ತಡವರಿಸುತ್ತದೆ, ಪಕ್ಕಕ್ಕೂ ಜಾರುತ್ತದೆ, ಹಾಗಾಗಿ ಇನ್ನೂ ಜಾಸ್ತಿ. 4:30ಕ್ಕೆ ಆರು ಕಿಲೋಮೀಟರ್ ಬಂದಿದ್ದೆವು. ಆಗ ಗಾಳಿ ನಿಂತಿತು. ಕಾಕಾ ಹೇಳಿದ ಹಾಗೇ, ಯಾರೋ ಸ್ವಿಚ್ ಆರಿಸಿದ ಹಾಗೆ. ಹಾಯಿ ಜೋತು ಬಿತ್ತು, ನೀರು ಕನ್ನಡಿಯಾಯಿತು.

ಹುಟ್ಟು ಹಾಕಿದೆವು. ಆರು ಗಂಟೆಗೆ ಸೂರ್ಯ ಮುಳುಗಿದ. ದಡ ಕಾಣುವಷ್ಟು ಹತ್ತಿರ ಬಂದಾಗ ಡ್ಯಾಗರ್‌ಬೋರ್ಡ್, ಅಂದ್ರೆ ದೋಣಿ ಪಕ್ಕಕ್ಕೆ ಜಾರದಂತೆ ನಡುವೆ ನೀರಿಗೆ ಇಳಿಬಿಡುವ ಹಲಗೆ, ಏನಕ್ಕೋ ಸಿಕ್ಕಿ ದೋಣಿ ನಿಂತಿತು. ಬಲೆ. ಅದರ ತೇಲುಗಳು ಪ್ಲಾಸ್ಟಿಕ್ ಬಾಟಲಿಗಳು, ಹಗಲಲ್ಲಿ ದೂರದಿಂದಲೇ ಕಾಣುತ್ತವೆ, ಕತ್ತಲಲ್ಲಿ ಇಲ್ಲ. ತಮ್ಮ ಚಾಕು ತೆಗೆದ. ಬೇಡ ಅಂದೆ. ಅದು ಒಬ್ಬರ ಅನ್ನ. ಬೋರ್ಡ್ ಮೇಲೆತ್ತಿ, ಚುಕ್ಕಾಣಿ ಬಿಚ್ಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಒಂದೊಂದೇ ಕಣ್ಣು ಬಿಡಿಸಿದೆ. ನೈಲಾನ್ ದಾರ ಕೂದಲಿನಷ್ಟು ಸಣ್ಣ, ಒದ್ದೆ ಬೆರಳಿಗೆ ಸಿಗುವುದೇ ಇಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ನೀರಿಗೆ ಕೈ ಹಾಕುವಾಗ ಮನಸ್ಸಿನಲ್ಲಿ ಮೊಸಳೆಯ ಭಯವೂ ಇತ್ತು. ಕೃಷ್ಣೆಯಲ್ಲಿ ಮೊಸಳೆ ಇರುವುದು ಈ ಕಡೆ ಎಲ್ಲರಿಗೂ ಗೊತ್ತು.

ದಡದಲ್ಲಿ ಕಾಕಾ ಬ್ಯಾಟರಿ ಹಿಡಿದು ನಿಂತಿದ್ದರು. ಬೈಯಲಿಲ್ಲ. ಹಗ್ಗ ಹಿಡಿದು ದೋಣಿ ಎಳೆದರು.

ಈಗಿನ ಯೋಜನೆ

ಹೋಗಿ ಬರುವುದನ್ನು ಬಿಟ್ಟಿದ್ದೇವೆ. ಒಂದೇ ದಿಕ್ಕು. ನಾರಾಯಣಪುರದ ಕಡೆ ಇಳಿದು ಕೂಡಲಸಂಗಮದಲ್ಲಿ ಮುಗಿಸುವುದು. ಗೆಳೆಯನೊಬ್ಬ ಟ್ರೈಲರ್ ತೆಗೆದುಕೊಂಡು ರಸ್ತೆಯಲ್ಲಿ ಬರುತ್ತಾನೆ. 40 ಕಿಲೋಮೀಟರನ್ನು ಎದುರುಗಾಳಿಗೆ ವಾಪಸ್ ಬರುವುದಂದ್ರೆ 56 ಕಿಲೋಮೀಟರ್ ಓಡಬೇಕು. ನಮ್ಮ ದೋಣಿಗೆ ಅದು ಕೆಲಸವಲ್ಲ.

ದಿನದ ಲೆಕ್ಕವನ್ನೂ ಬದಲಿಸಿದೆ. ಗಂಟೆಗೆ ಐದು ಕಿಲೋಮೀಟರ್, ಗಾಳಿ ಇರುವುದು ಬೆಳಿಗ್ಗೆ ಹತ್ತೂವರೆಯಿಂದ ನಾಲ್ಕರವರೆಗೆ. ಕಾಗದದ ಮೇಲೆ 27 ಕಿಲೋಮೀಟರ್ ಬರುತ್ತದೆ. ನಾನು ದಿನಕ್ಕೆ 15 ಅಂತ ಮಾತ್ರ ಬರೆದಿದ್ದೇನೆ. ಹಾಗಾಗಿ ಮೂರು ದಿನ, ಜೊತೆಗೆ ಕೈಯಲ್ಲಿ ಒಂದು ದಿನ ಜಾಸ್ತಿ. ನಾಲ್ಕು ಗಂಟೆಗೆ ಎಲ್ಲಿದ್ದರೂ ದಡ.

ಆದ್ದರಿಂದ ದಡಗಳನ್ನು ಮೊದಲೇ ನೋಡಬೇಕಿತ್ತು. ಎರಡು ಭಾನುವಾರ ಬೈಕ್‌ನಲ್ಲಿ ತಿರುಗಿದೆ. ಸೆಟಲೈಟ್ ನಕ್ಷೆಯಲ್ಲಿ ಚೆಂದ ಕಾಣುವ ದಡ ಹತ್ತಿರ ಹೋದರೆ ಎರೆಮಣ್ಣು. ಮೊಳಕಾಲವರೆಗೆ ಹುಗಿಯುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ನಮಗೆ ಬೇಕಾದದ್ದು ಗರಸು ನೆಲ ಅಥವಾ ಕಲ್ಲಿನ ಮೆಟ್ಟಿಲು. ಕಾಲುವೆಗೆ ನೀರು ಬಿಟ್ಟಾಗ ಹಿನ್ನೀರು ಇಳಿಯುತ್ತದೆ, ಚಪ್ಪಟೆ ದಡದಲ್ಲಿ ಸ್ವಲ್ಪ ಇಳಿದರೂ ನೀರು ತುಂಬಾ ದೂರ ಸರಿಯುತ್ತದೆ. ಹಾಗಾಗಿ ಜಲಾಶಯದ ಮಟ್ಟವನ್ನು ದಿನವೂ ನೋಡಿ ಬರೆದಿಡುತ್ತಿದ್ದೇನೆ. ತುಂಬಿದ ಮಟ್ಟ 492.25 ಮೀಟರ್. ಎಷ್ಟು ಇಳಿದಾಗ ಯಾವ ದಡ ಕೆಸರಾಗುತ್ತದೆ ಅನ್ನುವುದು ಈಗ ನೋಟ್‌ಬುಕ್‌ನಲ್ಲಿದೆ.

ಒಂದು ರಾತ್ರಿ ತಂಗಡಗಿ. ಅಲ್ಲಿ ನದಿ ದಂಡೆಯಲ್ಲೇ ಬಸವಣ್ಣನವರ ಮಡದಿ ನೀಲಮ್ಮ ತಾಯಿಯ ಗುಡಿ ಇದೆ. ನೀಲಮ್ಮ ಐಕ್ಯವಾದ ಊರಿಂದ ಹೊರಟು ಬಸವಣ್ಣ ಐಕ್ಯವಾದ ಜಾಗಕ್ಕೆ ನೀರಿನ ಮೇಲೆ ಹೋಗುವುದು, ಇದನ್ನು ನೆನೆದರೇ ಅವ್ವನ ಕಣ್ಣು ತುಂಬುತ್ತದೆ. ಸಂಗಮದ ಐಕ್ಯ ಮಂಟಪಕ್ಕೆ ಇದೇ ಹಿನ್ನೀರು ನುಗ್ಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಎಷ್ಟೋ ಸಲ ಮೆಟ್ಟಿಲು ಇಳಿದು ಹೋಗಿದ್ದೇನೆ. ನೀರಿನ ಕಡೆಯಿಂದ ಅದನ್ನು ಕಾಣಬೇಕು ಅನ್ನುವುದೇ ಈ ದೋಣಿಯ ಮೊದಲ ಆಸೆ.

ಮಲಗುವುದು ನೀರಿನ ಅಂಚಿನಲ್ಲಲ್ಲ, ಮೊಸಳೆ ಕಾರಣ. ಗುಡಿ ಕಟ್ಟೆ, ಊರಿನ ಅಂಗಳ, ಎಲ್ಲೇ ಆದರೂ ಕೇಳಿಯೇ ಮಲಗುವುದು.

ಹಾಯಿಗೆ ಎರಡು ಸಾಲು ಕಟ್ಟುದಾರ ಹೊಲಿಸಿದೆ, ಗಾಳಿ ಏರಿದರೆ ಹಾಯಿ ಮಡಚಿ ಚಿಕ್ಕದು ಮಾಡಲು. ನೀರಿನ ಮೇಲೆ ಎಲ್ಲ ಕಡೆ ಬಿಳಿ ನೊರೆ ಕಂಡರೆ ಒಂದು ಮಡಿಕೆ, ತಡ ಮಾಡುವ ಹಾಗಿಲ್ಲ. ದಾರಿಯಲ್ಲಿ ಕರೆಂಟ್ ತಂತಿ ನದಿ ದಾಟುವ ಜಾಗಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದೇನೆ. ಅಲ್ಲಿ ಹಾಯಿ ಇಳಿಸಿ, ಹಾಯಿಕಂಬ ಮಲಗಿಸಿ, ಹುಟ್ಟು ಹಾಕಿ ದಾಟುವುದು.

ಊಟದ ಚಿಂತೆ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ. ದೋಣಿ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆ ಜಗತ್ತಲ್ಲೇ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಕೆಡುವುದಿಲ್ಲ, ಒಲೆ ಬೇಡ, ತೂಕ ಕಡಿಮೆ. ಡಬ್ಬಿಗೆ ನೀರು ಹೋಗಬಾರದು ಅಷ್ಟೇ.

ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ ಪತ್ರ ಕೊಟ್ಟಿದ್ದೇವೆ. ಒಪ್ಪಿಗೆ ಕೈಗೆ ಬಂದ ಮೇಲೇ ದಿನ ಗೊತ್ತು ಮಾಡುವುದು. ಅಷ್ಟರೊಳಗೆ ಟ್ರೈಲರಿನ ಎಡಗಾಲಿಯ ಬೇರಿಂಗ್ ಬದಲಿಸಬೇಕು, ಲೈಫ್ ಜಾಕೆಟ್ ಹಾಕಿಕೊಂಡು ದೋಣಿ ಮಗುಚಿ ಎತ್ತುವ ಅಭ್ಯಾಸ ಇನ್ನೊಮ್ಮೆ ಮಾಡಬೇಕು. ಕಾಕಾಗೆ ಒಂದು ಒಳ್ಳೆಯ ಬ್ಯಾಟರಿ ತರಬೇಕು. ಅವತ್ತು ಅವರದು ಹಾದಿಯಲ್ಲೇ ಎರಡು ಸಲ ಆರಿತ್ತಂತೆ.