ಶೇಕಡಾ 5.2

ಮತ ಎಣಿಕೆಯ ದಿನ ಎಣಿಕೆ ಕೇಂದ್ರದಿಂದ ಎಲ್ಲರಿಗಿಂತ ಮೊದಲು ಹೊರಗೆ ಬರುವವರು ಸಣ್ಣ ಪಕ್ಷಗಳ ಏಜೆಂಟರು. ಮೊದಲ ಕೆಲವು ಸುತ್ತುಗಳು ಮುಗಿಯುವಷ್ಟರಲ್ಲಿ ಅಭ್ಯರ್ಥಿಯ ಠೇವಣಿ ಉಳಿಯುವುದಿಲ್ಲವೆಂಬುದು ಖಚಿತವಾಗಿರುತ್ತದೆ. ನಾನು ಹಲವು ಚುನಾವಣೆಗಳಲ್ಲಿ ಹೀಗೆ ತಲೆ ತಗ್ಗಿಸಿ ಹೊರಗೆ ಬಂದಿದ್ದೇನೆ. ಆದರೂ ಮುಂದಿನ ಚುನಾವಣೆಗೆ ಕರಪತ್ರ ಹಿಡಿದು ಮತ್ತೆ ಮನೆಮನೆಗೆ ಹೋಗುವ ಉತ್ಸಾಹ ಎಲ್ಲಿಂದ ಬರುತ್ತದೆಯೆಂದು ಆಪ್ತರು ಕೇಳುತ್ತಾರೆ.

‘ಮುಂದಿನ ಬಾರಿ ಗೆಲುವು ನಮ್ಮದೇ’ ಎಂಬ ಮಾತನ್ನು ನಾನು ಆಶಾವಾದವೆಂದು ಕರೆಯುವುದಿಲ್ಲ. ಆ ಮಾತನ್ನು ನಂಬಿ ಬಂದ ತರುಣರು ಫಲಿತಾಂಶದ ಮಾರನೆಯ ದಿನವೇ ದೂರ ಸರಿದದ್ದನ್ನು ನೋಡಿದ್ದೇನೆ; ಹಾಗೆ ಭರವಸೆ ಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದೆನೆಂಬ ನೋವು ಇಂದಿಗೂ ಇದೆ. ಅದಕ್ಕಿಂತ ಕೆಟ್ಟದ್ದು, ಸೋತಾಗ ಮತದಾರರನ್ನೇ ದೂಷಿಸುವ ಚಾಳಿ. ಜನರಿಗೆ ಬುದ್ಧಿಯಿಲ್ಲವೆಂದು ಒಮ್ಮೆ ತೀರ್ಮಾನಿಸಿದವನು ಮತ್ತೆ ಅವರ ಬಾಗಿಲು ತಟ್ಟಲಾರ.

ನನ್ನ ನಂಬಿಕೆ ಇಷ್ಟೇ: ಒಂದು ವಿಚಾರಕ್ಕೆ ಸಮಾಜದಲ್ಲಿ ಎಷ್ಟು ಬಲವಿದೆ ಎಂಬುದನ್ನು ಗೆದ್ದ ಸ್ಥಾನಗಳ ಸಂಖ್ಯೆ ಬಹಳ ತಡವಾಗಿ, ಅನೇಕ ಸಲ ತಪ್ಪಾಗಿ ತೋರಿಸುತ್ತದೆ. ಬ್ರಿಟನ್ನಿನ 2015ರ ಸಂಸತ್ ಚುನಾವಣೆಯಲ್ಲಿ, ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೆಂದು ವಾದಿಸುತ್ತಿದ್ದ ಯುಕಿಪ್ ಪಕ್ಷಕ್ಕೆ ಸುಮಾರು 39 ಲಕ್ಷ ಮತಗಳು ಬಂದರೂ ದಕ್ಕಿದ್ದು ಒಂದೇ ಸ್ಥಾನ. ಅದರ ಅರ್ಧದಷ್ಟೂ ಮತ ಪಡೆಯದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ತನ್ನ ಮತಗಳೆಲ್ಲ ಸ್ಕಾಟ್ಲೆಂಡಿನಲ್ಲೇ ಒಟ್ಟಾಗಿ ಬಿದ್ದದ್ದರಿಂದ, 56 ಸ್ಥಾನಗಳನ್ನು ಗೆದ್ದಿತು. ಯುಕಿಪ್‌ನ ನಿಲುವುಗಳು ನನ್ನವಲ್ಲ, ಆದರೆ ಅದರ ಮತದಾರರಿಗಾದ ನಿರಾಶೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವನೊಬ್ಬನೇ ಗೆಲ್ಲುವ ಪದ್ಧತಿಯಲ್ಲಿ ದೇಶದ ತುಂಬ ಚದುರಿದ ಬೆಂಬಲಕ್ಕೆ ಬೆಲೆ ಸಿಗುವುದಿಲ್ಲ.

‘ನಿಮಗೆ ಹಾಕಿದರೆ ಮತ ವ್ಯರ್ಥ’ ಎಂಬುದು ಪ್ರತಿ ಮನೆಯಲ್ಲೂ ಕೇಳುವ ಮಾತು. ಮತ ಒಡೆದು, ನಮಗೆ ತೀರ ಬೇಡವಾದವರೇ ಗೆಲ್ಲುತ್ತಾರೆ ಎಂಬ ಆರೋಪವೂ ಅದರ ಜೊತೆಗಿರುತ್ತದೆ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಅದರಲ್ಲಿ ಸತ್ಯವಿದೆ. ಗುಲಾಮಗಿರಿಯನ್ನು ವಿರೋಧಿಸಲೆಂದೇ ಅಮೆರಿಕದಲ್ಲಿ ಹುಟ್ಟಿದ ಲಿಬರ್ಟಿ ಪಾರ್ಟಿಯ ಅಭ್ಯರ್ಥಿ ಜೇಮ್ಸ್ ಬರ್ನಿ 1840ರ ಅಧ್ಯಕ್ಷ ಚುನಾವಣೆಯಲ್ಲಿ ಪಡೆದದ್ದು ಕೇವಲ 7,000ದಷ್ಟು ಮತ. 1844ರಲ್ಲಿ ಅದು ಸುಮಾರು 62,000ಕ್ಕೆ ಏರಿತು. ಆದರೆ ಆ ವರ್ಷ, ಅಧ್ಯಕ್ಷ ಯಾರೆಂಬುದನ್ನು ನಿರ್ಧರಿಸಿದ ನ್ಯೂಯಾರ್ಕ್ ರಾಜ್ಯದಲ್ಲಿ ವಿಗ್ ಪಕ್ಷದ ಅಭ್ಯರ್ಥಿ ಹೆನ್ರಿ ಕ್ಲೇ ಸುಮಾರು 5,000 ಮತಗಳಿಂದ ಸೋತಾಗ ಬರ್ನಿಗೆ ಅಲ್ಲಿ 15,000ಕ್ಕೂ ಹೆಚ್ಚು ಮತ ಬಿದ್ದಿದ್ದವು, ಮತ್ತು ಗೆದ್ದು ಅಧ್ಯಕ್ಷನಾದ ಜೇಮ್ಸ್ ಪೋಕ್ ಸ್ವತಃ ಗುಲಾಮರ ಒಡೆಯನಾಗಿದ್ದ. ಆ ಪಕ್ಷದವರು ಆ ಚಳಿಗಾಲವನ್ನು ಹೇಗೆ ಕಳೆದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರಲ್ಲಿ ಅನೇಕರು 1848ರಲ್ಲಿ, ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬುವುದನ್ನು ವಿರೋಧಿಸಿದ ಫ್ರೀ ಸಾಯಿಲ್ ಪಾರ್ಟಿಗೆ, 1854ರ ನಂತರ ರಿಪಬ್ಲಿಕನ್ ಪಾರ್ಟಿಗೆ ಸೇರಿದರು. ಲಿಬರ್ಟಿ ಪಾರ್ಟಿಯಲ್ಲಿ ದುಡಿದಿದ್ದ ಸಾಮನ್ ಚೇಸ್ ಮುಂದೆ ಲಿಂಕನ್ನರ ಹಣಕಾಸು ಮಂತ್ರಿಯಾದರು. ಬರ್ನಿಯ ಮೊದಲ ಸ್ಪರ್ಧೆಯಿಂದ 25 ವರ್ಷಕ್ಕೆ, 1865ರಲ್ಲಿ, ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿತು. ಬರ್ನಿ ಅದನ್ನು ಕಾಣಲು ಬದುಕಿರಲಿಲ್ಲ.

ಹೀಗಾಗಿ ನಾನು ಚುನಾವಣೆಗಳ ನಡುವಿನ ವರ್ಷಗಳಲ್ಲಿ ಬೇರೆ ಲೆಕ್ಕ ಇಡುತ್ತೇನೆ. ನಾವು ಹತ್ತು ವರ್ಷಗಳ ಹಿಂದೆ ಹೇಳಿದ್ದನ್ನು ದೊಡ್ಡ ಪಕ್ಷವೊಂದು ಈಗ ತನ್ನ ಪ್ರಣಾಳಿಕೆಯಲ್ಲಿ ಸೇರಿಸಿಕೊಂಡಿದೆಯೇ, ಕಳೆದ ಸಲ ಬಾಗಿಲು ಹಾಕಿಕೊಂಡ ಮನೆಯವರು ಈ ಸಲ ಎರಡು ಪ್ರಶ್ನೆ ಕೇಳಿದರೇ ಎಂದು ನೋಡುತ್ತೇನೆ. ನಮ್ಮ ಮಾತನ್ನು ಇನ್ನೊಬ್ಬರು ಎತ್ತಿಕೊಂಡಾಗ ಮೊದಲೆಲ್ಲ ಸಿಟ್ಟು ಬರುತ್ತಿತ್ತು, ಈಗ ಸಂತೋಷವಾಗುತ್ತದೆ.

ಮನಸ್ಸು ತೀರ ಕುಗ್ಗಿದಾಗ ನಾನು ನೆನೆಯುವುದು ನ್ಯೂಜಿಲೆಂಡಿನ ಎರಡು ಚುನಾವಣೆಗಳನ್ನು. 1972ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ ಆರಂಭವಾದ ವ್ಯಾಲ್ಯೂಸ್ ಪಾರ್ಟಿ, ಜಗತ್ತಿನ ಮೊದಮೊದಲ ಪರಿಸರವಾದಿ ಪಕ್ಷಗಳಲ್ಲಿ ಒಂದು. 1975ರಲ್ಲಿ ಅದಕ್ಕೆ ಶೇಕಡಾ 5.2ರಷ್ಟು ಮತ ಬಂದರೂ ಒಂದು ಸ್ಥಾನವೂ ಸಿಗಲಿಲ್ಲ. ಕ್ರಮೇಣ ಪಕ್ಷ ಕ್ಷೀಣಿಸಿತು. ಅದರಲ್ಲಿ ಉಳಿದವರು 1990ರಲ್ಲಿ ರೂಪುಗೊಂಡ ಗ್ರೀನ್ ಪಾರ್ಟಿಗೆ ಬಂದರು. 1993ರ ಜನಮತಗಣನೆಯಲ್ಲಿ ಆ ದೇಶ ತನ್ನ ಚುನಾವಣಾ ಪದ್ಧತಿಯನ್ನೇ ಬದಲಿಸಿ, ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ವ್ಯವಸ್ಥೆಯನ್ನು ಆರಿಸಿಕೊಂಡಿತು. 1999ರಲ್ಲಿ ಗ್ರೀನ್ ಪಾರ್ಟಿಗೆ ಬಂದದ್ದೂ ಶೇಕಡಾ 5.2ರಷ್ಟೇ ಮತ, ಆದರೆ ಸಿಕ್ಕದ್ದು ಏಳು ಸ್ಥಾನ. ಚುನಾವಣೆಯ ರಾತ್ರಿ ಅವು ಕೈತಪ್ಪಿದಂತೆಯೇ ಕಂಡಿತ್ತು. ವಿಶೇಷ ಮತಗಳ (ಕ್ಷೇತ್ರದ ಹೊರಗಿನಿಂದ ಹಾಕಿದ ಮತ ಮುಂತಾದವುಗಳ) ಎಣಿಕೆ ಮುಗಿದ ಮೇಲೆ ಪಕ್ಷ, ಒಂದು ಕ್ಷೇತ್ರವನ್ನೂ ಗೆಲ್ಲದಿದ್ದರೂ ಸ್ಥಾನ ಸಿಗಲು ಬೇಕಾದ ಶೇಕಡಾ 5ರ ಗಡಿ ದಾಟಿತು, ಪಕ್ಷದ ನಾಯಕಿ ಜೀನೆಟ್ ಫಿಟ್ಸ್‌ಸೈಮನ್ಸ್ ಕೊರೊಮ್ಯಾಂಡೆಲ್ ಕ್ಷೇತ್ರವನ್ನು 250 ಮತಗಳಿಂದ ಗೆದ್ದರು. ಅವರೂ, ಪಕ್ಷದ ಇನ್ನೊಬ್ಬ ನಾಯಕ ರಾಡ್ ಡೊನಾಲ್ಡ್ ಅವರೂ ಹಿಂದೆ ವ್ಯಾಲ್ಯೂಸ್ ಪಾರ್ಟಿಯಲ್ಲಿ ಇದ್ದವರು.